ದಪ್ಪ ಗ್ರೇನ್ ಬಿದ್ದ 14 ಶಾಫ್ಟ್‌ಗಳಿಗೆ ಎರಡು ಸಲ ನಾರ್ಮಲೈಸಿಂಗ್: ಮಾಡಿಸಿದವಳ ಅನುಭವ

ಉಕ್ಕಿನ ತುಂಡನ್ನು ಒಂದೇ ಪೆಟ್ಟಿಗೆ ಮುರಿದು, ಅದಕ್ಕೆ ಎಷ್ಟು ಶಕ್ತಿ ಬೇಕಾಯಿತು ಅಂತ ಅಳೆಯುವ ಚಾರ್ಪಿ ಮೆಷಿನ್‌ನ ಸುತ್ತಿಗೆ ತುಂಡಿಗೆ ಹೊಡೆಯಿತು. ದಾರಿಯಲ್ಲಿ ಏನೂ ಅಡ್ಡ ಸಿಗದ ಹಾಗೆ ಆ ಕಡೆ ಮೇಲಕ್ಕೆ ಏರಿತು. ಮುಳ್ಳು ನೋಡುವ ಮೊದಲೇ ನನಗೆ ಗೊತ್ತಾಯಿತು. ತಾಳಿಕೆ ಇರುವ ಉಕ್ಕು ಸುತ್ತಿಗೆಯನ್ನು ತಡೆಯುತ್ತದೆ, ಸುತ್ತಿಗೆ ಅರ್ಧ ದಾರಿಯಲ್ಲೇ ಸುಸ್ತಾಗುತ್ತದೆ. ಇದು ತಡೆಯಲೇ ಇಲ್ಲ. ಮುರಿದ ಮುಖವನ್ನು ಬೆಳಕಿಗೆ ಹಿಡಿದೆ. ಹರಳುಪ್ಪಿನ ಹಾಗೆ ಮಿನುಗುತ್ತಿತ್ತು. ಒಂದೊಂದು ಹರಳನ್ನೂ ಬರಿಗಣ್ಣಲ್ಲಿ ಎಣಿಸಬಹುದಿತ್ತು. ಉಕ್ಕಿನೊಳಗಿನ ಈ ಹರಳುಗಳಿಗೇ ಗ್ರೇನ್ ಅನ್ನುವುದು.

ಅದು 4340 ಉಕ್ಕಿನ ಪಿನಿಯನ್ ಶಾಫ್ಟ್‌ನಿಂದ (ಚಿಕ್ಕ ಗೇರ್ ಇರುವ ದಂಡ) ಕೊಯ್ದ ತುಂಡು. ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿಸಿದ, 0.40 ಶೇಕಡ ಆಸುಪಾಸು ಇಂಗಾಲ ಇರುವ ಉಕ್ಕು. ಒಟ್ಟು 14 ಶಾಫ್ಟ್‌ಗಳು. ಫೋರ್ಜಿಂಗ್ (ಕಾಯಿಸಿ ಬಡಿದು ಆಕಾರ ಕೊಡುವುದು) ಆಗಿ, ಒಂದು ಕಡೆ ಹೀಟ್ ಟ್ರೀಟ್‌ಮೆಂಟ್ (ಗುಣ ಬದಲಿಸಲು ಕಾಯಿಸಿ ತಣಿಸುವುದು) ಕೂಡ ಮುಗಿಸಿ ಬಂದಿದ್ದವು. ಹಾರ್ಡ್‌ನೆಸ್ ಸರಿಯಾಗಿಯೇ ಇತ್ತು. ಬರೀ ಹಾರ್ಡ್‌ನೆಸ್ ನೋಡಿ ಪಾಸ್ ಮಾಡಿದ್ದರೆ ಅವು ಗೇರ್‌ಬಾಕ್ಸ್ ಸೇರಿಬಿಡುತ್ತಿದ್ದವು. ಶಬ್ದದ ಅಲೆಯನ್ನು ಉಕ್ಕಿನೊಳಗೆ ಕಳಿಸಿ, ತಿರುಗಿ ಬರುವ ಎಕೋ ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡುವ ಹುಡುಗ ಪರದೆ ತೋರಿಸಿ, "ಮೇಡಂ, ಹುಲ್ಲು ಬೆಳೆದ ಹಾಗೆ ಕಾಣ್ತಿದೆ, ಹಿಂದಿನ ಗೋಡೆಯ ಎಕೋನೇ ಸಿಗ್ತಿಲ್ಲ" ಅಂದ. ಅದಕ್ಕೇ ಚಾರ್ಪಿ ಮಾಡಿಸಿದ್ದು. ದಪ್ಪ ಗ್ರೇನ್ ಇದ್ದರೆ ಶಬ್ದದ ಅಲೆ ಪ್ರತಿ ಹರಳಿನ ಗಡಿಯಲ್ಲೂ ಚದುರುತ್ತದೆ. ಪರದೆಯ ತುಂಬ ಹುಲ್ಲು ಏಳುವುದು ಅದರಿಂದ.

ಮೊದಲು ಕಳಿಸಿದ್ದ ಕಡೆಗೆ ಮತ್ತೆ ಕಳಿಸಲು ಮನಸ್ಸಾಗಲಿಲ್ಲ. "ಇನ್ನೊಂದು ಸಲ ಜಾಸ್ತಿ ಹೊತ್ತು ಕಾಯಿಸಿ ಕೊಡ್ತೇವೆ" ಅಂದರು. ಆ ಮಾತೇ ನನ್ನನ್ನು ಹೆದರಿಸಿತು. ಬೇರೆ ಒಂದು ಹೀಟ್ ಟ್ರೀಟ್‌ಮೆಂಟ್ ಸೇವೆಯನ್ನು ಹುಡುಕಿಕೊಂಡೆ. ಅವರು ಮಾಡಿದ್ದು ಎರಡು ಸಲ ನಾರ್ಮಲೈಸಿಂಗ್, ಅಂದರೆ ಉಕ್ಕನ್ನು ಚೆನ್ನಾಗಿ ಕಾಯಿಸಿ ಗಾಳಿಯಲ್ಲಿ ತಣಿಸುವುದು. ಹೆಸರು ಹೇಳುವುದು ಇಲ್ಲಿ ಮುಖ್ಯ ಅಲ್ಲ. ಅವರು ಕೆಲಸ ಮಾಡಿದ ರೀತಿಯನ್ನು ಬಿಡಿಸಿ ಹೇಳಬೇಕು. ನಿಮ್ಮ ಹತ್ತಿರವೂ ಇಂಥ ಫೋರ್ಜಿಂಗ್ ಇದ್ದರೆ, ಕೆಲಸ ಒಪ್ಪಿಸುವ ಮೊದಲು ಏನೇನು ನೋಡಬೇಕು ಅನ್ನುವುದು ಇದರಿಂದ ಗೊತ್ತಾಗಬಹುದು.

ಫೋನ್ ಮಾಡಿದಾಗ ಅವರು ರೇಟ್ ಮಾತಾಡಲಿಲ್ಲ. ಅಲ್ಲಿನ ಮೆಟಲರ್ಜಿಸ್ಟ್ (ಲೋಹತಜ್ಞ) ಪ್ರಶ್ನೆಗಳಿಂದಲೇ ಶುರು ಮಾಡಿದರು. ಫೋರ್ಜ್ ಮಾಡಲು ಎಷ್ಟು ಡಿಗ್ರಿಗೆ ಕಾಯಿಸಿದ್ದರು? ಆ ಬಿಸಿಯಲ್ಲಿ ಎಷ್ಟು ಹೊತ್ತು ಕೂತಿತ್ತು? ಎಷ್ಟು ಸಲ ಮತ್ತೆ ಕಾಯಿಸಿದರು? ಕೊನೆಯ ಪೆಟ್ಟು ಬಿದ್ದಾಗ ಯಾವ ಬಣ್ಣದಲ್ಲಿತ್ತು? ಆಮೇಲೆ ಎಲ್ಲಿ ತಣಿಯಲು ಬಿಟ್ಟರು, ನೆಲದ ಮೇಲೆ ಗುಡ್ಡೆಯಾಗಿಯೋ, ಬಿಡಿಬಿಡಿಯಾಗಿಯೋ? ಅರ್ಧ ಉತ್ತರ ಮಾತ್ರ ನನ್ನ ಹತ್ತಿರ ಇತ್ತು. ಉಳಿದದ್ದನ್ನು ಫೋರ್ಜಿಂಗ್‌ನವರನ್ನು ಕೇಳಿ ತಿಳಿದುಕೊಂಡೆ. ಅಷ್ಟರಲ್ಲಿ ಕಾರಣ ತಾನಾಗಿಯೇ ಹೊರಗೆ ಬಂತು.

ಶಾಫ್ಟ್‌ಗೆ ಒಂದು ದಪ್ಪ ತಲೆ ಇದೆ, 130 ಮಿ.ಮೀ. ವ್ಯಾಸ. ಅದರಿಂದ ಹೊರಟ ಕಾಂಡ 80 ಮಿ.ಮೀ. ಫೋರ್ಜಿಂಗ್‌ನಲ್ಲಿ ಸುತ್ತಿಗೆಯ ಕೆಲಸವೆಲ್ಲ ಕಾಂಡದ ಮೇಲೆ. ಅದನ್ನು ಎಳೆದು ಉದ್ದ ಮಾಡಲು ಎರಡು ಮೂರು ಸಲ ಮತ್ತೆ ಫರ್ನೆಸ್‌ಗೆ ಹಾಕಿದ್ದಾರೆ, ಪ್ರತಿ ಸಲ 1200 ಡಿಗ್ರಿ ಸೆಲ್ಸಿಯಸ್ ಹತ್ತಿರ. ತಲೆಯೂ ಅಷ್ಟೇ ಕಾದಿದೆ, ಆದರೆ ಅದಕ್ಕೆ ಬಿದ್ದ ಪೆಟ್ಟು ತೀರಾ ಕಡಿಮೆ. ಆ ಬಿಸಿಯಲ್ಲಿ ಗ್ರೇನ್‌ಗಳು ಒಂದನ್ನೊಂದು ನುಂಗಿ ಬೆಳೆಯುತ್ತವೆ. ಸುತ್ತಿಗೆ ಚೆನ್ನಾಗಿ ಹೊಡೆದಾಗಲೇ ಅವು ಒಡೆದು, ಅದೇ ಜಾಗದಲ್ಲಿ ಹೊಸ ಸಣ್ಣ ಗ್ರೇನ್‌ಗಳು ಹುಟ್ಟುವುದು. ಕಾಂಡದಲ್ಲಿ ಅದು ಆಗಿದೆ. ತಲೆ ಸುಮ್ನೆ ಕಾದು, ಗ್ರೇನ್ ಬೆಳೆಸಿಕೊಂಡು, ಹಾಗೇ ತಣಿದಿದೆ.

ಉಕ್ಕು ಮಾಡುವಾಗ ಅಲ್ಯೂಮಿನಿಯಂ ಹಾಕಿರುತ್ತಾರಲ್ಲ, ಅದು ನೈಟ್ರೋಜನ್ ಜೊತೆ ಸೇರಿ ಅಲ್ಯೂಮಿನಿಯಂ ನೈಟ್ರೈಡ್‌ನ ಬಹಳ ಸಣ್ಣ ಕಣಗಳಾಗುತ್ತದೆ. ಗ್ರೇನ್‌ನ ಗಡಿಗೆ ಮೊಳೆ ಹೊಡೆದ ಹಾಗೆ ಅವು ಹಿಡಿದಿಟ್ಟುಕೊಳ್ಳುತ್ತವೆ. "ಫೈನ್ ಗ್ರೇನ್ ಸ್ಟೀಲ್" ಅಂತ ಉಕ್ಕಿನ ಮಿಲ್ ಕೊಡುವ ಸರ್ಟಿಫಿಕೇಟ್‌ನಲ್ಲಿ ಬರೆದಿರುವುದು ಇದನ್ನು ನಂಬಿಯೇ. ಆದರೆ 1200 ಡಿಗ್ರಿಯ ಹೊತ್ತಿಗೆ ಆ ಮೊಳೆಗಳಲ್ಲಿ ಹೆಚ್ಚಿನವು ಕರಗಿಹೋಗಿರುತ್ತವೆ. ಹಾಗಾಗಿ ಮಿಲ್ ಸರ್ಟಿಫಿಕೇಟ್ ನೋಡಿ ನೆಮ್ಮದಿಯಾಗಿ ಕೂರುವ ಹಾಗಿಲ್ಲ.

ತುಂಡುಗಳು ಅಲ್ಲಿ ತಲುಪಿದ ಮೇಲೆ ಅವರು ಮೊದಲು ಫರ್ನೆಸ್ ಹತ್ತಿರ ಹೋಗಲಿಲ್ಲ. ಪ್ರತಿ ತಲೆಯ ತುದಿಯಿಂದ ಒಂದು ಚೂರು ಕೊಯ್ದು, ಪಾಲಿಶ್ ಮಾಡಿ, ಪಿಕ್ರಿಕ್ ಆಮ್ಲದ ದ್ರಾವಣಕ್ಕೆ ಸ್ವಲ್ಪ ಸೋಪಿನಂಥ ದ್ರವ ಸೇರಿಸಿ ಎಚ್ ಮಾಡಿದರು, ಅಂದರೆ ಗ್ರೇನ್ ಗಡಿ ಎದ್ದು ಕಾಣುವ ಹಾಗೆ ಮೇಲ್ಮೈಯನ್ನು ಸ್ವಲ್ಪ ಕೊರೆಯಲು ಬಿಟ್ಟರು. ಮಾಮೂಲಿ ನೈಟಲ್‌ನಲ್ಲಿ (ನೈಟ್ರಿಕ್ ಆಮ್ಲ ಮತ್ತು ಆಲ್ಕೋಹಾಲ್‌ನ ದ್ರಾವಣ) ಟೆಂಪರ್ ಆದ ಮಾರ್ಟೆನ್‌ಸೈಟ್ (ಬೇಗ ತಣಿಸಿ ಗಡಸಾಗಿಸಿ, ಮತ್ತೆ ಹದವಾಗಿ ಕಾಯಿಸಿದ ರಚನೆ) ಅಷ್ಟೇ ಕಾಣುತ್ತದೆ, ಹಳೆಯ ಆಸ್ಟೆನೈಟ್ (ಉಕ್ಕು ಬಹಳ ಬಿಸಿಯಲ್ಲಿದ್ದಾಗಿನ ರಚನೆ) ಗ್ರೇನ್‌ನ ಗಡಿ ಸರಿಯಾಗಿ ಕಾಣುವುದಿಲ್ಲ. ನಮಗೆ ಬೇಕಾದದ್ದು ಆ ಗಡಿ. 100 ಪಟ್ಟು ಹಿಗ್ಗಿಸಿ ನೋಡಿದಾಗ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಲೆಕ್ಕದಲ್ಲಿ ಗ್ರೇನ್ ಸೈಜ್ 1ರಿಂದ 2 ಬಂತು. ಈ ಲೆಕ್ಕದಲ್ಲಿ ನಂಬರ್ ಜಾಸ್ತಿಯಾದಷ್ಟೂ ಗ್ರೇನ್ ಸಣ್ಣದು. 100 ಪಟ್ಟು ಹಿಗ್ಗಿಸಿದ ಚಿತ್ರದಲ್ಲಿ ಒಂದು ಚದರ ಇಂಚಿಗೆ ಒಂದೇ ಗ್ರೇನ್ ಇದ್ದರೆ ನಂಬರ್ 1. ನಂಬರ್ ಒಂದು ಏರಿದರೆ ಗ್ರೇನ್‌ಗಳ ಎಣಿಕೆ ಎರಡರಷ್ಟು. ನಂಬರ್ 8ರಲ್ಲಿ 128. ಅಳತೆಯಲ್ಲಿ ಹೇಳಿದರೆ ನಂಬರ್ 1ರ ಗ್ರೇನ್ ಸುಮಾರು ಕಾಲು ಮಿ.ಮೀ., ನಂಬರ್ 8ರದ್ದು 0.022 ಮಿ.ಮೀ. ನನ್ನ ಶಾಫ್ಟ್‌ಗಳ ತಲೆಯಲ್ಲಿ ಕಾಲು ಮಿ.ಮೀ. ಹರಳುಗಳಿದ್ದವು. ಬರಿಗಣ್ಣಿಗೆ ಮಿನುಗಿದ್ದು ಅವೇ.

ಇದೇ ಹಂತದಲ್ಲಿ ಒಂದು ಶಾಫ್ಟ್‌ ಅನ್ನು ಪಕ್ಕಕ್ಕಿಟ್ಟರು. ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನನ್ನನ್ನೇ ಕರೆದು ತೋರಿಸಿದರು. ಗ್ರೇನ್‌ಗಳ ಗಡಿ ಕರಗಿ, ಆ ಸಂದಿನಲ್ಲಿ ಆಕ್ಸೈಡ್ ಹೊಕ್ಕಿತ್ತು. "ಮೇಡಂ, ಇದು ಸುಟ್ಟುಹೋಗಿದೆ. ನಾವಲ್ಲ, ಯಾರೂ ಇದನ್ನು ಸರಿ ಮಾಡಕ್ಕಾಗಲ್ಲ. ಗ್ರೇನ್ ಬೆಳೆದಿದ್ದರೆ ಚಿಕ್ಕದು ಮಾಡಬಹುದು. ಗಡಿಯೇ ಕರಗಿದ್ದರೆ ಆ ಬಿರುಕನ್ನು ಶಾಖದಿಂದ ಹೊಲಿಯೋದಕ್ಕೆ ಬರಲ್ಲ." ಬೇಸರ ಆಯಿತು. ಆದರೆ ಅವರು ಅದನ್ನೂ ಫರ್ನೆಸ್‌ಗೆ ತಳ್ಳಿ 14ಕ್ಕೂ ಬಿಲ್ ಮಾಡಬಹುದಿತ್ತು, ಮಾಡಲಿಲ್ಲ. ನನಗೆ ನಂಬಿಕೆ ಹುಟ್ಟಿದ್ದು ಅಲ್ಲೇ.

ಆ ಸುಟ್ಟ ಶಾಫ್ಟ್‌ ಅನ್ನು ಅವರು ಬಿಸಾಡಲೂ ಇಲ್ಲ. ನನ್ನ ಒಪ್ಪಿಗೆ ಕೇಳಿ, ತಲೆಯ ನಟ್ಟನಡುವಿನವರೆಗೆ ತೂತು ಕೊರೆದು, ಅದರೊಳಗೆ ಬಿಸಿ ಅಳೆಯುವ ಥರ್ಮೋಕಪಲ್ ಇಳಿಸಿದರು. ಉಳಿದ 13ರ ಮಧ್ಯೆ ಅದನ್ನು ನಿಲ್ಲಿಸಿದರು. ಈ ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಯಾಕೆ ಅಂತ ಬಿಸಿ ಏರಿಳಿದದ್ದನ್ನು ತೋರಿಸುವ ಚಾರ್ಟ್ ನೋಡಿದರೆ ತಿಳಿಯುತ್ತದೆ. ಫರ್ನೆಸ್‌ನ ಮೀಟರ್ 900 ಮುಟ್ಟಿದಾಗ ತಲೆಯ ನಡುಭಾಗ ಇನ್ನೂ 800 ಕೂಡ ದಾಟಿರಲಿಲ್ಲ. ಅದು 900ಕ್ಕೆ ಬರಲು ಮತ್ತೆ ಒಂದೂವರೆ ಗಂಟೆ ಹಿಡಿಯಿತು. ಅದೂ ತುಂಡುಗಳ ಮಧ್ಯೆ ಅಂಗೈ ಅಗಲ ಜಾಗ ಬಿಟ್ಟು ನಿಲ್ಲಿಸಿದಾಗ. ಮೊದಲಿನ ಕಡೆ 14ನ್ನೂ ಒತ್ತೊತ್ತಾಗಿ ಪೇರಿಸಿ, ಮೀಟರ್ ನೋಡಿ ಹೊತ್ತು ಎಣಿಸಿದ್ದರು. ನಡುಭಾಗ ಬೇಕಾದ ಬಿಸಿಗೆ ಬಂದೇ ಇರಲಿಕ್ಕಿಲ್ಲ ಅನ್ನುವುದು ಮೆಟಲರ್ಜಿಸ್ಟ್‌ನ ಅಂದಾಜು. ಚಾರ್ಟ್ ನೋಡಿದ ಮೇಲೆ ನನ್ನದೂ ಅದೇ.

ಬೇಕಾದ ಬಿಸಿ ಅಂದರೆ ಯಾವುದು? ತಣ್ಣಗಿನ ಉಕ್ಕನ್ನು ಕಾಯಿಸುತ್ತ ಹೋದರೆ 4340ರಲ್ಲಿ ಸುಮಾರು 725 ಡಿಗ್ರಿಯಲ್ಲಿ ಒಳಗಿನ ರಚನೆ ಆಸ್ಟೆನೈಟ್ ಆಗಿ ಬದಲಾಗಲು ಶುರುವಾಗುತ್ತದೆ. 775ರ ಆಸುಪಾಸಿನಲ್ಲಿ ಬದಲಾವಣೆ ಮುಗಿಯುತ್ತದೆ. ಹೊಸ ಆಸ್ಟೆನೈಟ್ ಒಂದೇ ಕಡೆ ಹುಟ್ಟುವುದಿಲ್ಲ, ಹಳೆಯ ಗಡಿಗಳಲ್ಲಿ, ಕಾರ್ಬೈಡ್‌ಗಳ (ಇಂಗಾಲ ಸೇರಿದ ಗಡಸು ಕಣಗಳು) ಪಕ್ಕದಲ್ಲಿ, ಸಾವಿರಾರು ಕಡೆ ಒಟ್ಟಿಗೆ ಮೊಳೆಯುತ್ತದೆ. ಅವೆಲ್ಲ ಬೆಳೆದು ಒಂದಕ್ಕೊಂದು ತಾಗಿದಾಗ ಹಳೆಯ ದೊಡ್ಡ ಗ್ರೇನ್ ಇದ್ದ ಜಾಗದಲ್ಲಿ ಹತ್ತಾರು ಚಿಕ್ಕವು ಇರುತ್ತವೆ. ಅಲ್ಲಿಗೆ ನಿಲ್ಲಿಸಿ ತಣಿಸಬೇಕು. ಇನ್ನೂ ಮೇಲೆ ಏರಿಸಿದರೆ, ಸುಮ್ನೆ ಗಂಟೆಗಟ್ಟಲೆ ಇಟ್ಟರೆ, ಅವೂ ಒಂದನ್ನೊಂದು ನುಂಗಲು ಶುರು ಮಾಡುತ್ತವೆ. "ಜಾಸ್ತಿ ಹೊತ್ತು ಕಾಯಿಸಿ ಕೊಡ್ತೇವೆ" ಅನ್ನುವ ಮಾತಿಗೆ ನಾನು ಹೆದರಿದ್ದು ಇದಕ್ಕೇ. ನಡುಭಾಗವೂ ಆ ಗೆರೆ ದಾಟಬೇಕು, ದಾಟಿದ ಮೇಲೆ ಅಲ್ಲೇ ಕೂತಿರಬಾರದು. ಮೀಟರ್ ನೋಡಿ ಎಣಿಸುವವರಿಗೆ ಈ ಎರಡರಲ್ಲಿ ಒಂದು ತಪ್ಪೇ ತಪ್ಪುತ್ತದೆ.

ಇದನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ರಷ್ಯಾದ ಲೋಹತಜ್ಞ ದ್ಮಿತ್ರಿ ಚೆರ್ನೋವ್. ಸೇಂಟ್ ಪೀಟರ್ಸ್‌ಬರ್ಗ್‌ನ ಒಬುಖೋವ್ ಕಾರ್ಖಾನೆಯಲ್ಲಿ ಫೋರ್ಜ್ ಮಾಡಿದ ಫಿರಂಗಿಗಳು ಕೆಲವು ಚೆನ್ನಾಗಿ ಬಾಳುತ್ತಿದ್ದವು, ಕೆಲವು ಒಡೆಯುತ್ತಿದ್ದವು. ಒಡೆದವುಗಳ ಮುಖ ನೋಡಿದರೆ ಗ್ರೇನ್ ದಪ್ಪ. ಕಾದ ಉಕ್ಕಿನ ಬಣ್ಣವನ್ನು ಕಣ್ಣಲ್ಲೇ ಅಳೆದು, ಒಂದು ಗೊತ್ತಾದ ಬಿಸಿಯನ್ನು ದಾಟಿದರೆ ದಪ್ಪ ಗ್ರೇನ್ ಸಣ್ಣದಾಗುತ್ತದೆ ಅಂತ ಅವರು 1868ರಲ್ಲಿ ಹೇಳಿದರು. ಕಾದ ಉಕ್ಕಿನ ಬಿಸಿ ಅಳೆಯುವ ಇವತ್ತಿನಂಥ ಪೈರೋಮೀಟರ್ ಇಲ್ಲದೆ! ನನಗೆ ಈ ಕಥೆ ಯಾವತ್ತೂ ಮೈ ನವಿರೇಳಿಸುತ್ತದೆ. ನನ್ನ ಶಾಫ್ಟ್‌ಗಳ ರೋಗವೂ ಮದ್ದೂ ಅವರ ಫಿರಂಗಿಗಳದ್ದೇ.

ಆದರೆ ನಿಕಲ್-ಕ್ರೋಮಿಯಂ-ಮಾಲಿಬ್ಡಿನಂ ಉಕ್ಕುಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಿಗೆ ನೆನಪಿನ ಶಕ್ತಿ ಜಾಸ್ತಿ. ಗಾಳಿಯಲ್ಲಿ ತಣಿದರೂ ಅವು ಬೈನೈಟ್, ಮಾರ್ಟೆನ್‌ಸೈಟ್ ಎಂಬ ಗಡಸು ರಚನೆಗಳಾಗುತ್ತವೆ. ಅದನ್ನು ನಿಧಾನವಾಗಿ ಮತ್ತೆ ಕಾಯಿಸಿದರೆ, ಹೊಸ ಆಸ್ಟೆನೈಟ್ ಹಳೆಯ ಗ್ರೇನ್ ನಿಂತಿದ್ದ ದಿಕ್ಕಿನಲ್ಲೇ ಬೆಳೆದು ಕೊನೆಗೆ ಅದೇ ದೊಡ್ಡ ಗ್ರೇನ್ ತಿರುಗಿ ಬಂದು ಕೂತುಬಿಡಬಹುದು. ಬಿಸಿ ಗೆರೆ ದಾಟಿದೆ, ಚಾರ್ಟ್ ಸರಿ ಇದೆ, ಆದರೂ ಗ್ರೇನ್ ಹಳೆಯದೇ! ದೊಡ್ಡ ಟರ್ಬೈನ್ ರೋಟರ್ ಮಾಡುವವರಿಗೆ ಈ ಕಾಟ ಚೆನ್ನಾಗಿ ಗೊತ್ತು. ನನ್ನ ಮೊದಲ ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಇದರ ಕೈವಾಡವೂ ಇದ್ದಿರಬಹುದು.

ಅದಕ್ಕೆ ಇವರು ನೇರವಾಗಿ ನಾರ್ಮಲೈಸಿಂಗ್‌ಗೆ ಹೋಗಲಿಲ್ಲ. ಮೊದಲು 670 ಡಿಗ್ರಿಯಲ್ಲಿ, ಅಂದರೆ ಬದಲಾವಣೆ ಶುರುವಾಗುವ ಗೆರೆಗಿಂತ ಕೆಳಗೆ, ಎಂಟು ಗಂಟೆ ಇಟ್ಟರು. ಮಾರ್ಟೆನ್‌ಸೈಟ್‌ನ ಸೂಜಿ ರಚನೆ ಸಡಿಲವಾಗಿ, ಕಾರ್ಬೈಡ್‌ಗಳು ಉಂಡೆಯಾಗಲು ಶುರುವಾಗುತ್ತವೆ. ಹಳೆಯ ನೆನಪು ಮಸುಕಾಗುತ್ತದೆ. ಆಮೇಲೆ ಮೊದಲ ನಾರ್ಮಲೈಸಿಂಗ್ 900 ಡಿಗ್ರಿಯಲ್ಲಿ. 650ರಲ್ಲಿ ತುಂಡು ಪೂರ್ತಿ ಒಂದೇ ಬಿಸಿಗೆ ಬರುವವರೆಗೆ ನಿಲ್ಲಿಸಿ, ಅಲ್ಲಿಂದ ಫರ್ನೆಸ್‌ನ ಪೂರ್ತಿ ಶಕ್ತಿ ಹಾಕಿ ಗೆರೆ ದಾಟಿಸಿದರು. 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಅನ್ನುವ ಹಳೆಯ ಲೆಕ್ಕ ಬಿಟ್ಟು, ನಡುಭಾಗದ ಥರ್ಮೋಕಪಲ್ 900 ತೋರಿಸಿದ ಮೇಲೆ ಒಂದೇ ಗಂಟೆ ಇಟ್ಟು ಹೊರಗೆ ತೆಗೆದರು.

ತಣಿಸುವಾಗ ನಾನು ಅಲ್ಲೇ ಇದ್ದೆ. ಕಬ್ಬಿಣದ ಸ್ಟ್ಯಾಂಡ್ ಮೇಲೆ ಒಂದೊಂದನ್ನೂ ದೂರ ದೂರ ನಿಲ್ಲಿಸಿದರು. ಕಿತ್ತಳೆ ಬಣ್ಣ ಕೆಂಪಾಗಿ, ಕೆಂಪು ಕಪ್ಪಾಯಿತು. ಇಷ್ಟಕ್ಕೇ ಮತ್ತೆ ಒಳಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಫರ್ನೆಸ್ ನೋಡಿಕೊಳ್ಳುವ ಹಿರಿಯರು ತಡೆದರು. "ಸ್ವಲ್ಪ ತಾಳಿ ಮೇಡಂ. ಕಪ್ಪಾದ ಮಾತ್ರಕ್ಕೆ ಒಳಗೆ ಎಲ್ಲ ಬದಲಾಗಿದೆ ಅಂತಲ್ಲ. ಈ ಸ್ಟೀಲು 300 ಡಿಗ್ರಿ ಕೆಳಗೂ ಬದಲಾಗ್ತಾನೇ ಇರುತ್ತೆ. ಈಗ್ಲೇ ಹಾಕಿದ್ರೆ ಉಳಿದಿರೋ ಆಸ್ಟೆನೈಟ್ ಹಾಗೇ ಬೆಳೀತದೆ, ನಮ್ಮ ಕಷ್ಟ ಎಲ್ಲ ನೀರಲ್ಲಿ ಹೋಮ." ಕೈ ಹತ್ತಿರ ತಂದರೆ ಬೆಚ್ಚಗೆ ಅನ್ನಿಸುವಷ್ಟು ತಣಿಯುವವರೆಗೂ ಕಾದರು. ಪೂರ್ತಿ ತಣ್ಣಗಾಗಿ ರಾತ್ರಿಯಿಡೀ ಬಿದ್ದಿರಲೂ ಬಿಡಲಿಲ್ಲ, ಈ ಉಕ್ಕು ಹಾಗೆ ಬಿಟ್ಟರೆ ಬಿರುಕು ಬಿಡುವ ಭಯ ಇದೆ. ಅದೇ ಸಂಜೆ ಎರಡನೇ ನಾರ್ಮಲೈಸಿಂಗ್‌ಗೆ ಹೋದವು.

ಎರಡನೆಯದು 860 ಡಿಗ್ರಿಯಲ್ಲಿ. ಮೊದಲಿನದಕ್ಕಿಂತ ಕೆಳಗೆ ಯಾಕೆ ಅಂದರೆ, ಈಗಾಗಲೇ ಸಣ್ಣದಾದ ಗ್ರೇನ್‌ಗಳಲ್ಲಿ ಗಡಿ ಜಾಸ್ತಿ ಇರುತ್ತದೆ, ಹೊಸದು ಮೊಳೆಯಲು ಜಾಗವೂ ಜಾಸ್ತಿ. ಅಷ್ಟು ಬಿಸಿ ಸಾಕು. ಕಡಿಮೆ ಬಿಸಿಯಲ್ಲಿ ಬೆಳೆಯುವ ಅವಕಾಶವೂ ಕಡಿಮೆ. ಮುಗಿದ ಮೇಲೆ 650ರಲ್ಲಿ ಟೆಂಪರ್ (ಗಡಸನ್ನು ಹದ ಮಾಡಲು ಕಾಯಿಸುವುದು), ಮಾಮೂಲಿನಂತೆ 840ರಲ್ಲಿ ಕಾಯಿಸಿ ಎಣ್ಣೆಯಲ್ಲಿ ಮುಳುಗಿಸಿ ಬೇಗ ತಣಿಸುವ ಕ್ವೆಂಚ್, ಕೊನೆಗೆ 600ರಲ್ಲಿ ಟೆಂಪರ್. ಈ ಕೊನೆಯ ಭಾಗದಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ, ಅಚ್ಚುಕಟ್ಟಾಗಿ ಮಾಡಿದ್ದರು.

ಫಲಿತಾಂಶಕ್ಕೆ ಬರುತ್ತೇನೆ. ತಲೆಯ ಹೊರಭಾಗದಲ್ಲಿ ಗ್ರೇನ್ ಸೈಜ್ 8. ನಡುಭಾಗದಲ್ಲಿ 7. ಮೊದಲು 1ರಿಂದ 2 ಇತ್ತು ಅನ್ನುವುದನ್ನು ನೆನಪಿಡಿ. ಅಲ್ಟ್ರಾಸಾನಿಕ್ ಪರದೆಯಲ್ಲಿ ಹುಲ್ಲು ಮಾಯವಾಗಿ, ಹಿಂದಿನ ಗೋಡೆಯ ಎಕೋ ಕಂಬದ ಹಾಗೆ ನೆಟ್ಟಗೆ ನಿಂತಿತು. ಚಾರ್ಪಿಯಲ್ಲಿ ತುಂಡು ಮುರಿಯಲು ಮೊದಲಿನ ಎರಡರಷ್ಟಕ್ಕಿಂತ ಜಾಸ್ತಿ ಶಕ್ತಿ ಬೇಕಾಯಿತು. ಮುರಿದ ಮುಖ ಮಬ್ಬು ಬೂದು ಬಣ್ಣ, ರೇಷ್ಮೆಯ ನೇಯ್ಗೆ ಥರ. ಹಾರ್ಡ್‌ನೆಸ್ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ. ಅದೇ ಹಾರ್ಡ್‌ನೆಸ್, ಆದರೆ ಎರಡೂ ಬೇರೆ ಬೇರೆ ಉಕ್ಕುಗಳು ಅಂತಲೇ ಹೇಳಬೇಕು. ಉಕ್ಕನ್ನು ಬಲ ಮಾಡುವ ಬೇರೆ ದಾರಿಗಳು ಸಾಮಾನ್ಯವಾಗಿ ಅದರ ತಾಳಿಕೆಯನ್ನು ಕಿತ್ತುಕೊಳ್ಳುತ್ತವೆ. ಗ್ರೇನ್ ಸಣ್ಣದು ಮಾಡಿದರೆ ಬಲವೂ ಬರುತ್ತದೆ, ತಾಳಿಕೆಯೂ ಬರುತ್ತದೆ. ಸಂಶೋಧಕರಾದ ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ಗ್ರೇನ್ ಅಳತೆಗೂ ಬಲಕ್ಕೂ ಇರುವ ಲೆಕ್ಕವನ್ನು ಕೊಟ್ಟಿದ್ದಾರೆ. ನನಗೆ ಆ ಲೆಕ್ಕಕ್ಕಿಂತ ಕೈಯಲ್ಲಿದ್ದ ಆ ಎರಡು ಮುರಿದ ತುಂಡುಗಳೇ ಹೆಚ್ಚು ಹೇಳಿದವು.

ಈಗ ಕೊರತೆಗಳು. ಅವೂ ಚಿಕ್ಕವೇನಲ್ಲ.

ದೊಡ್ಡದು ಮೇಲ್ಮೈಯದ್ದು. ಅವರ ಫರ್ನೆಸ್‌ನಲ್ಲಿ ರಕ್ಷಣೆಯ ಗ್ಯಾಸ್ ಇಲ್ಲ, ಬರೀ ಗಾಳಿ. ಗೆರೆ ದಾಟುವ ಬಿಸಿಗೆ ಮೂರು ಸಲ ಹೋಗಿ ಬಂದ ಮೇಲೆ ಸ್ಕೇಲ್ (ಬಿಸಿಯಲ್ಲಿ ಮೇಲೆ ಕಟ್ಟುವ ಆಕ್ಸೈಡ್) ದಪ್ಪ ಪದರವಾಗಿ ಉದುರಿತು, ಅದರ ಕೆಳಗೆ ಇಂಗಾಲ ಕಳೆದುಕೊಂಡ ಮೆತ್ತನೆ ಚರ್ಮ. ಇಷ್ಟೆಲ್ಲ ಪ್ರಶ್ನೆ ಕೇಳಿದವರು, ಮೆಷಿನಿಂಗ್‌ಗೆ ಎಷ್ಟು ದಪ್ಪ ಬಿಟ್ಟಿದ್ದೀರಿ ಅನ್ನುವುದನ್ನು ಮಾತ್ರ ಕೇಳಲಿಲ್ಲ. ಎರಡು ಶಾಫ್ಟ್‌ಗಳಲ್ಲಿ ಕಾಂಡದ ಒಂದು ಬದಿ ನಾನು ಬಿಟ್ಟದ್ದು 2 ಮಿ.ಮೀ. ಲೇತ್ ಮೇಲೆ ಟರ್ನಿಂಗ್ ಮುಗಿದಾಗ ಅಲ್ಲಿ ಮೆತ್ತನೆ ಚರ್ಮ ಸ್ವಲ್ಪ ಉಳಿದಿತ್ತು. ಬೇರಿಂಗ್ ಕೂರುವ ಜಾಗ ಅಲ್ಲದ್ದರಿಂದ ಡ್ರಾಯಿಂಗ್ ಮಾಡಿದವರ ಒಪ್ಪಿಗೆ ಪಡೆದು ಇನ್ನಷ್ಟು ತೆಗೆದೆವು. ಬೇರಿಂಗ್ ಜಾಗವೇ ಆಗಿದ್ದರೆ ಆ ಎರಡೂ ಗುಜರಿಗೆ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ತಪ್ಪು ಒಪ್ಪಿಕೊಂಡರು.

ಮೂರು ಶಾಫ್ಟ್‌ಗಳು ಬಾಗಿ ಬಂದವು. ಇಷ್ಟು ಸಲ ಕಾಯಿಸಿದ ಉದ್ದದ ತುಂಡಿಗೆ ಅದು ಸಹಜ. ಪ್ರೆಸ್‌ನಲ್ಲಿ ನೆಟ್ಟಗೆ ಮಾಡಿ, ಮತ್ತೆ ಒಂದು ಸಲ ಟೆಂಪರ್ ಬಿಸಿಗಿಂತ ಕೆಳಗೆ ಕಾಯಿಸಿ ಒತ್ತಡ ಇಳಿಸಿಕೊಟ್ಟರು. ಅದಕ್ಕೆ ಬೇರೆ ಬಿಲ್ ಮಾಡಲಿಲ್ಲ. ಆದರೆ ಹಾಗೆ ಮಾಡಿದ್ದನ್ನು ರಿಪೋರ್ಟ್‌ನಲ್ಲಿ ಬರೆಯಲು ಮರೆತಿದ್ದರು. ನೆಟ್ಟಗೆ ಮಾಡಿದ ತುಂಡು ಯಾವುದು ಅಂತ ನನಗೆ ಗೊತ್ತಿರಲೇಬೇಕು. ಕೇಳಿ ಬರೆಸಿಕೊಂಡೆ. ರಿಪೋರ್ಟ್ ಕೂಡ ಮಾಲು ಬಂದು ಎಂಟು ದಿನ ಆದ ಮೇಲೆ ಬಂತು. ಮೊದಲು ಕಳಿಸಿದ ಚಾರ್ಟ್‌ನಲ್ಲಿ ಫರ್ನೆಸ್‌ನ ಗೆರೆ ಮಾತ್ರ ಇತ್ತು, ನಡುಭಾಗದ ಥರ್ಮೋಕಪಲ್‌ನ ಗೆರೆಯನ್ನು ಕೇಳಿ ತರಿಸಿಕೊಳ್ಳಬೇಕಾಯಿತು. ಅಷ್ಟು ಒಳ್ಳೆಯ ಕೆಲಸದ ಸಾಕ್ಷಿ ಆ ಗೆರೆಯೇ ಅಲ್ವಾ? ಅದನ್ನು ಮುಂದಿಟ್ಟು ತೋರಿಸಬೇಕಿತ್ತು.

ಹೊತ್ತೂ ಜಾಸ್ತಿ ಹಿಡಿಯುತ್ತದೆ. ಒಂದು ದಿನದಲ್ಲಿ ಕಾಯಿಸಿ ಕೊಡುವವರ ಹತ್ತಿರ ಹೋಲಿಸಿದರೆ ಇದು ಒಂದು ವಾರದ ಮಾತು. ತೆಳು ತುಂಡುಗಳಿಗೆ, ಫೋರ್ಜಿಂಗ್ ಚೆನ್ನಾಗಿ ಆಗಿರುವವಕ್ಕೆ ಇಷ್ಟೆಲ್ಲ ಬೇಡ, ಒಂದು ನಾರ್ಮಲೈಸಿಂಗ್ ಸಾಕು. ಅದನ್ನು ಅವರೇ ಹೇಳುತ್ತಾರೆ. ಜೊತೆಗೆ ಕಳಿಸಿದ್ದ 50 ಮಿ.ಮೀ.ನ ಕೆಲವು ಪಿನ್‌ಗಳಿಗೆ ಎರಡನೇ ಸಲ ಬೇಡವೆಂದು ತಾವಾಗಿಯೇ ಬಿಟ್ಟರು.

ದಪ್ಪ ಭಾಗ ಇರುವ, ಕಡಿಮೆ ಪೆಟ್ಟು ಬಿದ್ದ ಅಲಾಯ್ ಸ್ಟೀಲ್ ಫೋರ್ಜಿಂಗ್ ನಿಮ್ಮದಾಗಿದ್ದರೆ ನಾನು ಇವರಂಥವರ ಹತ್ತಿರವೇ ಹೋಗಿ ಅನ್ನುತ್ತೇನೆ. ಹೋಗುವಾಗ ಫೋರ್ಜಿಂಗ್‌ನ ಪೂರ್ತಿ ಚರಿತ್ರೆ ಬರೆದುಕೊಂಡು ಹೋಗಿ. ಪ್ರತಿ ಬದಿಗೂ ಕನಿಷ್ಠ 4 ಮಿ.ಮೀ. ಬಿಟ್ಟಿರಿ. ಚಾರ್ಟ್‌ನಲ್ಲಿ ತುಂಡಿನ ಒಳಗಿನ ಬಿಸಿಯ ಗೆರೆ ಬೇಕು ಅಂತ ಆರ್ಡರ್‌ನಲ್ಲೇ ಬರೆಯಿರಿ.

ಮುಂದಿನ ಆರು ಶಾಫ್ಟ್‌ಗಳು ಈ ವಾರ ಅವರ ಹತ್ತಿರ ಹೋಗಿವೆ. ಅವರು ಕಳಿಸಿದ ಫಾರಂನಲ್ಲಿ ಈ ಸಲ ಹೊಸದಾಗಿ ಒಂದು ಸಾಲು ಇತ್ತು: ಮೆಷಿನಿಂಗ್‌ಗೆ ಬಿಟ್ಟ ದಪ್ಪ ಎಷ್ಟು? 4 ಮಿ.ಮೀ. ಅಂತ ತುಂಬಿ ಕಳಿಸಿದೆ. ತೂತು ಕೊರೆದ ಆ ಸುಟ್ಟ ಶಾಫ್ಟ್ ಅಲ್ಲೇ ಇದೆ, ಈ ಆರರ ಮಧ್ಯೆಯೂ ಅದೇ ನಿಲ್ಲುತ್ತದಂತೆ.